ಸುಬ್ಬತ್ತೆಯ ಗೇಟಿಗೆ ಎಣ್ಣೆ

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಬೀಳುವುದು ಅವರ ಗೇಟಿನ ಕೀಲಿನ ಮೇಲೆ. ಕೆಲವರು ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ನೋಡುತ್ತಾರೆ, ಕೆಲವರು ಕಿಟಕಿಯ ಪರದೆ ನೋಡುತ್ತಾರೆ. ನಾನು ಗೇಟನ್ನು ಎರಡು ಸಲ ಹಿಂದಕ್ಕೂ ಮುಂದಕ್ಕೂ ಆಡಿಸಿ, ಕಿವಿ ಕೊಟ್ಟು ಕೇಳಿ, ಆಮೇಲೆ ಒಳಗೆ ಕಾಲಿಡುತ್ತೇನೆ. ಕಿರ್ರೆಂದರೆ ಆ ಮನೆಯಲ್ಲಿ ಕಾಫಿ ಕುಡಿಯುವಷ್ಟು ಹೊತ್ತೂ ನನಗೆ ಸಮಾಧಾನವಿರುವುದಿಲ್ಲ. ಒಮ್ಮೆ ಮಗನಿಗೆ ಹೆಣ್ಣು ನೋಡಲು ಹೋದ ಮನೆಯಲ್ಲಿ ಹುಡುಗಿಯ ತಂದೆಯ ಹತ್ತಿರ, ‘ಸ್ವಲ್ಪ ಎಣ್ಣೆ ಇದ್ದರೆ ಕೊಡ್ತೀರಾ?’ ಅಂತ ಕೇಳಿ ನಮ್ಮವರ ಮಾನ ಕಳೆದದ್ದೂ ಉಂಟು. ಸಂಬಂಧವೇನೋ ಕುದುರಿತು, ಅದು ಬೇರೆ ಮಾತು.

ಈಗ ನಮ್ಮ ಪಕ್ಕದ ಮನೆಯವರು ಕರೆಂಟಿನಲ್ಲಿ ತಾನೇ ತೆರೆದುಕೊಳ್ಳುವ ಗೇಟು ಹಾಕಿಸಿದ್ದಾರೆ. ಕಾರಿನಲ್ಲಿ ಕೂತು ಗುಂಡಿ ಒತ್ತಿದರೆ ಸಾಕು, ಗೇಟು ಗಂಭೀರವಾಗಿ ಒಂದು ಪಕ್ಕಕ್ಕೆ ಸರಿಯುತ್ತದೆ. ಮೂರು ತಿಂಗಳಿಗೊಮ್ಮೆ ಅದರ ಸರ್ವೀಸಿಗೆ ಒಬ್ಬ ಹುಡುಗ ಬರುತ್ತಾನೆ. ಕಂಬಿಯ ಧೂಳು ಒರೆಸುತ್ತಾನೆ, ಬೋಲ್ಟುಗಳನ್ನು ಬಿಗಿ ಮಾಡುತ್ತಾನೆ, ಹಲ್ಲಿನ ಚಕ್ರಕ್ಕೆ ಗ್ರೀಸು ಹಚ್ಚುತ್ತಾನೆ, ಆಮೇಲೆ ಹತ್ತು ಸಲ ತೆರೆದು ಹತ್ತು ಸಲ ಮುಚ್ಚಿ ತಲೆಯಾಡಿಸುತ್ತಾನೆ. ಅವನು ಬಂದ ದಿನ ನಾನು ಒಲೆಯ ಮೇಲಿನ ಸಾರು ಬಿಟ್ಟು ಕಾಂಪೌಂಡಿನ ಹತ್ತಿರ ನಿಂತುಬಿಡುತ್ತೇನೆ.

‘ಏನ್ ಮೇಡಮ್, ನಿಮ್ಮನೆ ಗೇಟಲ್ಲೂ ಏನಾದ್ರೂ ಪ್ರಾಬ್ಲಮ್ ಇದ್ಯಾ?’ ಅಂತ ಹೋದ ಸಲ ಕೇಳಿದ.

‘ಇಲ್ಲಪ್ಪ, ಸುಮ್ನೆ ನೋಡ್ತಿದೀನಿ.’

‘ಇದ್ರಲ್ಲಿ ನೋಡೋಕ್ಕೆ ಏನಿದೆ ಮೇಡಮ್? ಬರೀ ಮೆಂಟೆನೆನ್ಸು.’

ಬರೀ ಮೆಂಟೆನೆನ್ಸು! ನಿಮಗಾದರೆ ಹೇಳಬಹುದು, ಆ ಹುಡುಗನಿಗೆ ಹೇಗೆ ಹೇಳಲಿ? ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲದಲ್ಲಿ ಚಾಮರಾಜಪೇಟೆಯ ನಮ್ಮ ಮನೆಯಲ್ಲೂ ತಾನೇ ತೆರೆದುಕೊಳ್ಳುವ ಒಂದು ಗೇಟಿತ್ತು. ಅದಕ್ಕೆ ಕರೆಂಟಿರಲಿಲ್ಲ, ಮೋಟಾರಿರಲಿಲ್ಲ. ಅದರ ಮೆಂಟೆನೆನ್ಸಿನ ಪೂರ್ತಿ ಜವಾಬ್ದಾರಿ, ಆಗ ಎಸ್ಸೆಸ್ಸೆಲ್ಸಿ ಓದುತ್ತಿದ್ದ ನನ್ನದು.

ಗೇಟಿನ ಕತೆಗೆ ಮುಂಚೆ ಸುಬ್ಬತ್ತೆಯ ಪರಿಚಯ ಆಗಬೇಕು. ನಮ್ಮಪ್ಪನ ಅಕ್ಕ. ಹೆಸರು ಸುಬ್ಬಲಕ್ಷ್ಮಿ, ಬೀದಿಗೆಲ್ಲ ಸುಬ್ಬಮ್ಮನೋರು. ಇಪ್ಪತ್ತೆಂಟನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು, ಅಲ್ಲಿಂದಾಚೆ ಮೂವತ್ತು ವರ್ಷ ಆ ರಸ್ತೆ ಬಿಟ್ಟು ಕದಲಿರಲಿಲ್ಲ. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರು, ಅಮ್ಮ ಶಾಲೆಯಲ್ಲಿ ಮೇಡಮ್ಮು, ನಾನು ಒಬ್ಬಳೇ ಮಗಳು. ಬೆಳಿಗ್ಗೆ ಒಂಬತ್ತಕ್ಕೆ ನಾವು ಮೂವರೂ ಹೊರಟರೆ ಸಂಜೆ ಐದರವರೆಗೆ ಮನೆಯಲ್ಲಿ ಅತ್ತೆಯದೇ ರಾಜ್ಯ. ನಮ್ಮ ಮನೆಯೊಂದೇ ಅಲ್ಲ, ಆ ಬೀದಿಯ ಅರ್ಧ ರಾಜ್ಯಭಾರ ಅವಳ ಕೈಯಲ್ಲಿತ್ತು. ಊರಿಗೆ ಹೋಗುವವರು ಬೀಗದ ಕೈ ಅವಳ ಹತ್ತಿರ ಬಿಡುತ್ತಿದ್ದರು. ಮನೆಯಲ್ಲಿ ಯಾರೂ ಇಲ್ಲದವರ ಟಪಾಲನ್ನು ಪೋಸ್ಟ್‌ಮ್ಯಾನು ಅವಳಿಗೆ ಕೊಡುತ್ತಿದ್ದ. ಸೀಮೆಎಣ್ಣೆ ಬಂತೆ, ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಮೂಲೆ ಮನೆಯ ಸೊಸೆಗೆ ಎಷ್ಟನೆಯ ತಿಂಗಳು, ಎಲ್ಲಕ್ಕೂ ಅವಳಲ್ಲಿ ಉತ್ತರ ಇರುತ್ತಿತ್ತು. ನಾನು ಇವತ್ತು ಆಡುವ ಕನ್ನಡದ ಮುಕ್ಕಾಲು ಪಾಲು ಅವಳು ಗೇಟಿನಲ್ಲಿ ನಿಂತು ಆಡಿದ್ದು.

ಅತ್ತೆಗೆ ಗೇಟಿನ ಸದ್ದೇ ಒಂದು ಭಾಷೆ. ಅಡಿಗೆಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಲೇ, ‘ಹೂವಿನವಳು ಬಂದ್ಲು’ ಅನ್ನುತ್ತಿದ್ದಳು. ಹೂವಿನ ಚೆನ್ನಮ್ಮ ಗೇಟನ್ನು ಬುಟ್ಟಿಯಿಂದ ತಳ್ಳುತ್ತಾಳೆ, ಪೋಸ್ಟ್‌ಮ್ಯಾನು ಸೈಕಲ್ಲಿನ ಮುಂದಿನ ಚಕ್ರದಿಂದ ತಳ್ಳುತ್ತಾನೆ, ನಾನು ಕಾಲಿನಿಂದ ಒದೆಯುತ್ತೇನೆ, ಒಂದೊಂದಕ್ಕೂ ಕೀಲು ಒಂದೊಂದು ರಾಗ ಎಳೆಯುತ್ತದೆ ಅಂತ ಅವಳ ಸಿದ್ಧಾಂತ. ‘ನಿನ್ನ ಮಗಳು ಬಂದ್ಲು ನೋಡು, ಗೇಟು ಅಳ್ತಾ ಇದೆ’ ಅಂತ ಅಮ್ಮನಿಗೆ ವರದಿ ಹೋಗುತ್ತಿತ್ತು.

ಆ ವರ್ಷ ಯುಗಾದಿಯ ಹೊತ್ತಿಗೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಳು. ಮೂಳೆ ಕೂಡಿತು, ಮಂಡಿ ಮಾತ್ರ ಮುನಿಸಿಕೊಂಡೇ ಉಳಿಯಿತು. ಗೋಡೆ ಹಿಡಿದುಕೊಂಡು ಮನೆಯೊಳಗೆ ಓಡಾಡುತ್ತಿದ್ದಳು; ಆದರೆ ಜಗಲಿಯಿಂದ ಅಂಗಳಕ್ಕೆ ಇಳಿಯುವ ಮೂರು ಮೆಟ್ಟಿಲು ಅವಳ ಪಾಲಿಗೆ ಸಮುದ್ರವಾಯಿತು. ಅಟ್ಟಲು ಅತ್ತೆ ಇಳಿಯಲಾರದ ಕಾರಣ, ಗೇಟು ತೆರೆದಿಟ್ಟರೆ ಬೀದಿಯ ಹಸುಗಳು ನುಗ್ಗಿ ದಾಸವಾಳವನ್ನು ಬುಡಸಮೇತ ಮೇಯುತ್ತಿದ್ದವು. ಒಳಗಿನಿಂದ ಚಿಲಕ ಹಾಕಿಟ್ಟರೆ ಬಂದವರು ಬಂದ ಹಾಗೇ ತಿರುಗಿ ಹೋಗುತ್ತಿದ್ದರು. ಜಗಲಿಯ ಬೆಂಚಿನ ಮೇಲೆ ಕೂತ ಅತ್ತೆ, ‘ಇರ್ರೀ, ಬಂದೆ ಬಂದೆ’ ಅನ್ನುತ್ತಿದ್ದಳು, ಬರಲಾಗುತ್ತಿರಲಿಲ್ಲ. ಒಂದು ದಿನ ರಿಜಿಸ್ಟರ್ ಕಾಗದಕ್ಕೆ ಸಹಿ ಹಾಕಲೆಂದು ಹಟ ಮಾಡಿ ಇಳಿಯಹೋಗಿ ಎರಡನೆಯ ಸಲ ಬಿದ್ದಳು. ಮೂಳೆಗೆ ಏನೂ ಆಗಲಿಲ್ಲ, ಸುದ್ದಿ ಮಾತ್ರ ಮಲ್ಲೇಶ್ವರ ಮುಟ್ಟಿತು.

ಮಲ್ಲೇಶ್ವರದಲ್ಲಿದ್ದವರು ದೊಡ್ಡಪ್ಪ, ಅತ್ತೆಗೂ ಅಪ್ಪನಿಗೂ ಅಣ್ಣ. ನಿವೃತ್ತ ಹೆಡ್‌ಮಾಸ್ಟರು. ಮನೆಯ ತುಂಬ ಮಕ್ಕಳು, ಸೊಸೆಯರು. ಮಾರನೆಯ ದಿನವೇ ಬಂದು ಅಪ್ಪನನ್ನು ಎದುರಿಗೆ ಕೂರಿಸಿಕೊಂಡರು.

‘ನೋಡೋ ನಾಗೂ, ಹಗಲು ಪೂರ್ತಿ ಅವಳೊಬ್ಬಳನ್ನೇ ಬಿಟ್ಟು ಹೋಗ್ತೀರಿ. ನಾಳೆ ಹೆಚ್ಚು ಕಡಿಮೆ ಆದ್ರೆ ಯಾರು ಹೊಣೆ? ನಮ್ಮನೇಲಿ ಯಾವಾಗ್ಲೂ ನಾಲ್ಕು ಜನ ಇರ್ತಾರೆ. ಕರ್ಕೊಂಡ್ಹೋಗ್ತೀನಿ.’

ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಪ್ರೀತಿಯೇ ಇತ್ತು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಕೊನೆಗೆ ‘ನಾನು ಬರಲ್ಲ ಅಣ್ಣಯ್ಯ’ ಅಂದಳು. ಅಷ್ಟೆ. ಆ ರಾತ್ರಿ ಅವಳು ಊಟ ಮಾಡಲಿಲ್ಲ.

ಅಪ್ಪ ಸ್ವಲ್ಪ ಕಾಲಾವಕಾಶ ಕೇಳಿಕೊಂಡರು. ಕಾರ್ಖಾನೆಯವರ ಬುದ್ಧಿ ನೋಡಿ, ಅಕ್ಕನ ಮಂಡಿ ಸರಿ ಮಾಡಲಾಗದಿದ್ದರೆ ಗೇಟನ್ನು ಸರಿ ಮಾಡೋಣ ಅಂತ ಹೊರಟರು. ಕಲಾಸಿಪಾಳ್ಯದ ಗುಜರಿಯಿಂದ ತಂತಿ, ಸಣ್ಣ ನಳಿಕೆ, ಎರಡು ರಾಟೆ ತಂದರು. ಅಕ್ಕಪಕ್ಕದವರು ಬಂದು ಸಲಹೆ ಕೊಟ್ಟರು, ಅಪ್ಪ ಯಾರದನ್ನೂ ಕೇಳಲಿಲ್ಲ. ನಾಲ್ಕು ಭಾನುವಾರ ಕಳೆಯುವಷ್ಟರಲ್ಲಿ ಯಂತ್ರ ಸಿದ್ಧವಾಯಿತು. ವಿಷಯ ಇಷ್ಟೇ: ಅತ್ತೆಯ ಬೆಂಚಿನ ಪಕ್ಕದ ಕಂಬದಲ್ಲಿ ಒಂದು ಮರದ ಹಿಡಿ. ಹಿಡಿಯಿಂದ ಹೊರಟ ತಂತಿ ಕಂಬದ ರಾಟೆಯ ಮೇಲೆ ಹಾದು, ಅಂಗಳ ದಾಟಿ, ಗೇಟಿನ ಹತ್ತಿರದ ನಳಿಕೆಯಲ್ಲಿ ಇಳಿದು ಚಿಲಕಕ್ಕೆ ಸೇರುತ್ತದೆ. ಹಿಡಿ ಎಳೆದರೆ ಚಿಲಕ ಏಳುತ್ತದೆ. ಗೇಟಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿಯಲ್ಲಿ ನಮ್ಮ ಮನೆಯ ಸೀಳಿಹೋದ ರುಬ್ಬುಗುಂಡು ತೂಗುತ್ತಿರುತ್ತದೆ. ಚಿಲಕ ಎದ್ದ ತಕ್ಷಣ ಗುಂಡು ಇಳಿಯುತ್ತದೆ, ಗೇಟು ಒಳಕ್ಕೆ ತೆರೆದುಕೊಳ್ಳುತ್ತದೆ. ಹೋಗುವವರು ಎಳೆದು ಮುಚ್ಚಿದರೆ ಗುಂಡು ಮೇಲೇರಿ ಚಿಲಕ ತಾನೇ ಬೀಳುತ್ತದೆ. ಹಸುಗಳು ಮೂತಿಯಿಂದ ಚಿಲಕ ಎತ್ತುವುದನ್ನು ಕಲಿತಿದ್ದವಾದ್ದರಿಂದ ಅದನ್ನು ತೀರಾ ಕೆಳಗೆ ಇಟ್ಟು ತಗಡಿನ ಮರೆ ಹೊಡೆದಿದ್ದರು. ಹೊರಗಿನಿಂದ ಯಾರಿಗೂ ಕೈ ಎಟುಕುತ್ತಿರಲಿಲ್ಲ.

ಮೊದಲ ದಿನ ಎದುರಿಗೆ ಯಾರೂ ಇಲ್ಲದೆ ಗೇಟು ತಾನಾಗಿ ತೆರೆದದ್ದನ್ನು ಕಂಡು ಚೆನ್ನಮ್ಮ ಬುಟ್ಟಿ ಬಿಸಾಕಿ ಓಡಿದಳು. ಮಲ್ಲಿಗೆಯೆಲ್ಲ ಮೋರಿಯ ಪಕ್ಕ. ಆಮೇಲೆ ರೂಢಿಯಾಯಿತು. ಶಾಲೆಯಿಂದ ಬರುವ ಮಕ್ಕಳು ‘ಅಜ್ಜೀ, ಇನ್ನೊಂದ್ಸಲ!’ ಅಂತ ಗೇಟಿಗೆ ಜೋತು ಬೀಳುತ್ತಿದ್ದವು. ಹನ್ನೆರಡರ ಮಗ್ಗಿ ಹೇಳಿದವರಿಗೆ ಮಾತ್ರ ಅತ್ತೆ ಹಿಡಿ ಎಳೆಯುತ್ತಿದ್ದಳು. ಆ ಮಳೆಗಾಲದಲ್ಲಿ ನಮ್ಮ ಬೀದಿಯ ಮಕ್ಕಳ ಲೆಕ್ಕ ಇದ್ದಕ್ಕಿದ್ದಂತೆ ಸುಧಾರಿಸಿತು.

ಹಿಡಿಯ ಜೊತೆ ಅತ್ತೆಯ ರಾಜ್ಯ ವಾಪಸು ಬಂತು. ನನಗೆ ಬಂದದ್ದು ಎಣ್ಣೆಯ ಕ್ಯಾನು.

ಅಪ್ಪ ಒಂದು ರಟ್ಟಿನ ಮೇಲೆ ದುಂಡಗೆ ಬರೆದು ಬಾಗಿಲ ಹಿಂದೆ ತೂಗುಹಾಕಿದ್ದರು: ಪ್ರತಿ ಶನಿವಾರ ಸಂಜೆ, ರಾಟೆ ಒರೆಸಬೇಕು, ನಳಿಕೆಗೆ ನಾಲ್ಕು ತೊಟ್ಟು ಎಣ್ಣೆ, ಕೀಲಿಗೆ ಎರಡೆರಡು ತೊಟ್ಟು, ಹಗ್ಗ ಎಲ್ಲಾದರೂ ನವೆದಿದೆಯೇ ನೋಡಬೇಕು. ‘ಕೆಟ್ಟ ಮೇಲೆ ಯಾರು ಬೇಕಾದ್ರೂ ರಿಪೇರಿ ಮಾಡ್ತಾರೆ ವಿಮ್ಮಿ. ಕೆಡದೇ ಇರೋ ಹಾಗೆ ನೋಡ್ಕೊಳ್ಳೋನು ಕಣ್ಣಿಗೇ ಕಾಣಲ್ಲ. ಅದೇ ದೊಡ್ಡ ಕೆಲಸ’ ಅನ್ನುತ್ತಿದ್ದರು. ಕಣ್ಣಿಗೆ ಕಾಣದ ದೊಡ್ಡ ಕೆಲಸ ಹದಿನೈದು ವರ್ಷದ ಹುಡುಗಿಗೆ ಯಾತಕ್ಕೆ? ಆದರೆ ಎಣ್ಣೆ ಕ್ಯಾನಿನ ತಳ ಒತ್ತಿದಾಗ ಬರುವ ‘ಟೊಕ್ ಟೊಕ್’ ಸದ್ದು ನನಗೆ ಬಹಳ ಇಷ್ಟವಾಗಿತ್ತು. ಆ ಸದ್ದಿಗಾಗಿ ನಾಲ್ಕು ತೊಟ್ಟಿನ ಜಾಗಕ್ಕೆ ಹದಿನಾಲ್ಕು ತೊಟ್ಟು ಬೀಳುತ್ತಿತ್ತು.

ಒಂದು ತಿಂಗಳಲ್ಲಿ ಗೇಟು ಮೂಕವಾಯಿತು. ಅತ್ತೆಗೆ ಕೋಪ ಬಂತು. ‘ಅದರ ಬಾಯಿ ಕಟ್ಟಿಬಿಟ್ಯಲ್ಲೇ ಮಾರಾಯ್ತಿ! ಒಳಗಿದ್ದಾಗ ಗೇಟು ಅಲ್ಲಾಡ್ಸಿದ್ದು ಯಾರು ಅಂತ ನನಗೆ ಹೇಗೆ ಗೊತ್ತಾಗ್ಬೇಕು?’ ಅಪ್ಪನ ಶಾಸ್ತ್ರದಲ್ಲಿ ಸದ್ದು ಮಾಡುವ ಕೀಲೆಂದರೆ ಮಹಾಪರಾಧ. ಇಬ್ಬರ ನಡುವೆ ಸಿಕ್ಕಿ, ಮೇಲಿನ ಕೀಲಿಗೆ ಎಣ್ಣೆ ಹಾಕಿ ಕೆಳಗಿನದನ್ನು ಒಣಗಲು ಬಿಟ್ಟು ನಾನೊಂದು ರಾಜಿ ಮಾಡಿದೆ. ಅರ್ಧ ರಾಗ ಉಳಿಯಿತು. ಅತ್ತೆ ಅಷ್ಟಕ್ಕೇ ತೃಪ್ತಿಪಟ್ಟಳು. ಅಪ್ಪ ಆ ಕೀಲನ್ನು ಅನುಮಾನದಿಂದ ನೋಡುವುದನ್ನು ಕಡೆಯವರೆಗೂ ಬಿಡಲಿಲ್ಲ.

ದೊಡ್ಡಪ್ಪ ಮಾತ್ರ ನಂಬಲಿಲ್ಲ. ರುಬ್ಬುಗುಂಡನ್ನು ನಂಬಿ ತಂಗಿಯನ್ನು ಒಂಟಿಯಾಗಿ ಬಿಡುವುದೇ ಅಂತ ಕಾರ್ಡು ಬರೆದರು. ಅಪ್ಪ ಜವಾಬು ಬರೆದರು. ಕಾರ್ಡುಗಳು ಮಲ್ಲೇಶ್ವರಕ್ಕೂ ಚಾಮರಾಜಪೇಟೆಗೂ ಓಡಾಡಿ ಡಿಸೆಂಬರಿನಲ್ಲಿ ಒಂದು ತೀರ್ಮಾನಕ್ಕೆ ಬಂದವು. ಬರುವ ಭಾನುವಾರ ಬೆಳಿಗ್ಗೆ ಎಂಟೂವರೆಗೆ ದೊಡ್ಡಪ್ಪ ಬರುತ್ತಾರೆ. ನಾವ್ಯಾರೂ ಹೊರಗೆ ತಲೆ ಹಾಕಕೂಡದು. ಸುಬ್ಬಿ ಒಬ್ಬಳೇ, ಯಾರ ಸಹಾಯವೂ ಇಲ್ಲದೆ ಗೇಟು ತೆರೆದು ಅವರನ್ನು ಒಳಗೆ ಕರೆದುಕೊಂಡರೆ ಇಲ್ಲೇ ಇರಬಹುದು. ಇಲ್ಲವಾದರೆ ಅವತ್ತೇ ಹೊರಡಬೇಕು. ಅದಕ್ಕಾಗಿ ತಮ್ಮ ಪಕ್ಕದ ಮನೆಯವರ ಕಾರನ್ನೂ ಕೇಳಿಟ್ಟಿದ್ದಾರೆ. ಕಾರ್ಡಿನ ಕೊನೆಯ ಸಾಲನ್ನು ಅತ್ತೆ ನನ್ನ ಕೈಲಿ ಎರಡು ಸಲ ಓದಿಸಿದಳು. ‘ಸರಿ, ಬರ್ಲಿ’ ಅಂದಳು.

ಶನಿವಾರ ಸಂಜೆ ನಾನು ಕ್ಯಾನು ಕೈಗೆತ್ತಿಕೊಂಡೆ. ‘ಟೊಕ್’ ಅಂತು, ಏನೂ ಬೀಳಲಿಲ್ಲ. ನೆನಪಾಯಿತು: ಬುಧವಾರ ಗೆಳತಿಯೊಬ್ಬಳ ಸೈಕಲ್ಲಿಗೆ ಮೆಂಟೆನೆನ್ಸು ಮಾಡಿ ತೋರಿಸುವ ಜಂಬದಲ್ಲಿ ಕೊನೆಯ ತೊಟ್ಟಿನವರೆಗೂ ಖಾಲಿ ಮಾಡಿದ್ದೆ. ಹೊಲಿಗೆ ಯಂತ್ರದ ಎಣ್ಣೆ ಮೂಲೆಯ ಅಂಗಡಿಯಲ್ಲೇ ಸಿಗುತ್ತಿತ್ತು. ಆದರೆ ಶನಿವಾರ! ಶನಿವಾರ ಮನೆಗೆ ಎಣ್ಣೆ ತರಬಾರದು ಅನ್ನುವುದು ಅತ್ತೆಯ ಕಟ್ಟುನಿಟ್ಟು. ಬೇರೆ ಯಾವ ಶನಿವಾರವಾದರೂ ನಾನು ಕದ್ದು ತರುತ್ತಿದ್ದೆನೇನೋ. ಮಾರನೆಯ ಬೆಳಿಗ್ಗೆ ಅತ್ತೆಯ ಭವಿಷ್ಯ ನಿರ್ಧಾರವಾಗುವಾಗ, ಹಿಂದಿನ ಸಂಜೆ ಶನಿಯನ್ನು ಬಾಟಲಿಯಲ್ಲಿ ತುಂಬಿಕೊಂಡು ಬರಲು ನನಗೆ ಧೈರ್ಯವಾಗಲಿಲ್ಲ.

ತರುವುದು ತಾನೇ ಕೂಡದು? ಮನೆಯಲ್ಲಿ ಇರುವುದನ್ನು ಹಾಕಿದರೆ ಯಾವ ದೋಷ? ಹರಳೆಣ್ಣೆ ಮಂದ. ಕಡಲೆಕಾಯಿ ಎಣ್ಣೆ ಹಾಕಿದರೆ ಇರುವೆ ಬರುತ್ತದೆ. ಉಳಿದದ್ದು ತೆಂಗಿನೆಣ್ಣೆ. ಕೂದಲು ಸೊಂಪಾಗಿ ಬೆಳೆಯುತ್ತದೆ ಅಂತ ಅಮ್ಮ ದಿನಾ ನನ್ನ ತಲೆಗೆ ತಟ್ಟುವ, ಶುದ್ಧ, ಪರಿಮಳದ ತೆಂಗಿನೆಣ್ಣೆ. ಬಾಟಲಿ ತೆಗೆದರೆ ಎಣ್ಣೆ ಗಟ್ಟಿಯಾಗಿ ಬೆಳ್ಳಗೆ ಕೂತಿತ್ತು. ಬಚ್ಚಲೊಲೆಯ ಮುಂದೆ ಇಟ್ಟು ಚೆನ್ನಾಗಿ ಕರಗಿಸಿ, ತಿಳಿಯಾದ ಮೇಲೆ ಕ್ಯಾನಿಗೆ ತುಂಬಿಕೊಂಡೆ. ಯಾಕೆ ಕರಗಿಸಬೇಕಾಯಿತು ಅನ್ನುವ ಪ್ರಶ್ನೆ ನನ್ನ ತಲೆಯ ಹತ್ತಿರವೂ ಸುಳಿಯಲಿಲ್ಲ. ವಿಜ್ಞಾನದಲ್ಲಿ ನನಗೆ ಒಳ್ಳೆಯ ಮಾರ್ಕು ಬರುತ್ತಿತ್ತು ಅಂತ ಬೇರೆ ಹೇಳಬೇಕು. ಪರೀಕ್ಷೆಯ ಹಿಂದಿನ ದಿನವಲ್ಲವೇ, ರಾಟೆಗೆ, ಚಿಲಕಕ್ಕೆ ಮೂರು ಮೂರು ಸಲ ಹಾಕಿದೆ. ನಳಿಕೆಯನ್ನಂತೂ ತುಂಬಿಬಿಟ್ಟೆ.

ಭಾನುವಾರ ಬೆಳಿಗ್ಗೆ ಬಾಯಿ ತೆರೆದರೆ ಹೊಗೆ ಬರುವಂಥ ಚಳಿ. ಅವರೆಕಾಯಿಯ ಕಾಲ, ಅಮ್ಮ ಹಿಂದಿನ ದಿನ ಬಿಡಿಸಿಟ್ಟ ಕಾಳು ಹಾಕಿ ಉಪ್ಪಿಟ್ಟಿಗೆ ಒಗ್ಗರಣೆ ಇಟ್ಟಿದ್ದಳು. ಅತ್ತೆ ಏಳಕ್ಕೇ ಬೆಂಚಿನಲ್ಲಿ ಕೂತು, ಬಿಸಿ ಬಿಸಿ ಕಾಫಿ ಬೇಕು ಅಂದಳು. ಕೊಟ್ಟರೆ ಕುಡಿಯದೆ, ಲೋಟವನ್ನು ಕಂಬಕ್ಕೆ ಒತ್ತಿ ಹಿಡಿದುಕೊಂಡು ಕೂತಳು. ಆರಿದ ಮೇಲೆ ಇನ್ನೊಂದು ಲೋಟ ಕೇಳಿದಳು. ಚಳಿಗೆ ಕೈ ಕಾಯಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡೆವು.

ಎಂಟು ಗಂಟೆಗೆ ಗೇಟಿನ ಮುಂದೆ ಕಾರು ನಿಂತಿತು. ಅಪ್ಪ, ಅಮ್ಮ, ನಾನು ನಡುಮನೆಯ ಕಿಟಕಿಯ ಹಿಂದೆ ಅಡಗಿದೆವು. ಉಣ್ಣೆಯ ಕೋಟು, ಕಿವಿ ಮುಚ್ಚುವ ಮಫ್ಲರು ತೊಟ್ಟ ದೊಡ್ಡಪ್ಪ ಇಳಿದು ಬಂದರು.

‘ಸುಬ್ಬೀ, ಬಂದಿದೀನಮ್ಮ. ತೆಗಿ, ನೋಡೋಣ.’

ಅತ್ತೆ ಹಿಡಿ ಎಳೆದಳು. ತಂತಿ ಒಂದು ಅಂಗುಲ ಬಂದು ನಿಂತಿತು. ಚಿಲಕ ಏಳಲಿಲ್ಲ. ರುಬ್ಬುಗುಂಡು ಧ್ಯಾನದಲ್ಲಿತ್ತು.

ಅಪ್ಪ ನನ್ನ ಕಡೆ ತಿರುಗಿದರು. ‘ಎಣ್ಣೆ ಹಾಕಿದ್ಯಾ?’ ಪಿಸುಮಾತು.

‘ಮೂರು ಸಲ ಹಾಕಿದೀನಪ್ಪ.’

‘ಯಾವ ಎಣ್ಣೆ?’

ಕಿಟಕಿಯಿಂದ ಬಂದ ತಣ್ಣನೆಯ ಗಾಳಿ ಮುಖಕ್ಕೆ ತಾಗಿತು. ಬೆಳ್ಳಗೆ ಗಟ್ಟಿಯಾಗಿ ಕೂತಿದ್ದ ಬಾಟಲಿ ಆಗ ಕಣ್ಣ ಮುಂದೆ ಬಂತು ನೋಡಿ! ‘ತೆಂಗಿನೆಣ್ಣೆ’ ಅಂದೆ, ನನಗೇ ಕೇಳಿಸದ ಹಾಗೆ.

ಅಪ್ಪ ತಲೆಯ ಮೇಲೆ ಕೈ ಇಟ್ಟುಕೊಂಡರು. ಬಾಗಿಲ ಕಡೆ ಒಂದು ಹೆಜ್ಜೆ ಹಾಕಿದವರನ್ನು ಅಮ್ಮ ತೋಳು ಹಿಡಿದು ನಿಲ್ಲಿಸಿದಳು. ‘ನೀವು ಹೋದ್ರೆ ಅತ್ತಿಗೆ ಸೋತ ಹಾಗೇ ಆಗತ್ತೆ. ಇರಿ.’

ಆಶ್ಚರ್ಯವೆಂದರೆ ಅತ್ತೆಯ ಮುಖದಲ್ಲಿ ಗಾಬರಿಯ ಗುರುತೇ ಇರಲಿಲ್ಲ. ಎರಡನೆಯ ಸಲ ಎಳೆಯಲೂ ಇಲ್ಲ. ಹಿಡಿ ಬಿಟ್ಟು ಗೋಡೆಗೆ ಒರಗಿದಳು.

‘ಅಣ್ಣಯ್ಯ, ಈಗ ಗಂಟೆ ಎಷ್ಟು?’

‘ಎಂಟು. ಯಾಕೆ?’

‘ಎಂಟೂವರೆ ಅಂತ ಬರೆದಿದ್ಯಲ್ಲ?’

‘ದಾರಿ ಖಾಲಿ ಇತ್ತು, ಬೇಗ ಬಂದ್ವಿ. ಅದಕ್ಕೇನೀಗ?’

‘ನೀನು ಹೆಡ್‌ಮಾಸ್ಟರಾಗಿದ್ದಾಗ ಬೆಲ್ ಹೊಡೆಯೋಕ್ಕೆ ಮುಂಚೆ ಯಾರನ್ನಾದ್ರೂ ಒಳಗೆ ಬಿಟ್ಟಿದ್ಯಾ? ನಿಂತ್ಕೋ.’

ದೊಡ್ಡಪ್ಪ ಬಗ್ಗಿ ಗೇಟಿನ ಕಂಬಿಗಳ ನಡುವೆ ಕೈ ತೂರಿಸಿದರು.

‘ಕೈ ಹಾಕ್ಬೇಡ, ಅಲ್ಲಿಗೆ ಎಟುಕಲ್ಲ. ಹಸುವಿಗೇ ಎಟುಕಿಲ್ಲ, ನಿನಗೆ ಎಟುಕತ್ತಾ?’

‘ಕೆಟ್ಟಿದೆ ಅಂತ ಒಪ್ಕೋ ಸುಬ್ಬಿ. ಅದಕ್ಕ್ಯಾಕೆ ಇಷ್ಟು ಹಟ?’

‘ಕೆಟ್ಟಿಲ್ಲ. ಚಳಿಗೆ ಹಿಡ್ಕೊಂಡಿದೆ, ನನ್ನ ಮಂಡಿ ಥರ. ಬಿಸಿಲು ಬಿದ್ರೆ ಸರಿಹೋಗತ್ತೆ.’

ಎದುರುಮನೆ ಮಹಡಿಮನೆ. ಅದರ ತಾರಸಿಯ ಮೇಲಿಂದ ಇಳಿದ ಬಿಸಿಲು ಆಗಷ್ಟೇ ನಮ್ಮ ಜಗಲಿಗೆ ಬಿದ್ದಿತ್ತು. ಅತ್ತೆ ಎಳೆಬಿಸಿಲಿನಲ್ಲಿ ಹಾಯಾಗಿ ಕೂತಿದ್ದಾಳೆ. ಗೇಟಿನಾಚೆ ನೆರಳಿನಲ್ಲಿ ದೊಡ್ಡಪ್ಪ ಮಫ್ಲರನ್ನು ಬಿಗಿ ಮಾಡಿಕೊಳ್ಳುತ್ತಿದ್ದಾರೆ. ಅವರೆಕಾಳಿನ ಉಪ್ಪಿಟ್ಟಿನ ಘಮ ಅಂಗಳ ದಾಟಿ ಅವರನ್ನು ಮುಟ್ಟಿದ್ದು ಅವರ ಮೂಗು ಎದ್ದದ್ದರಲ್ಲೇ ಗೊತ್ತಾಯಿತು.

ಅಷ್ಟರಲ್ಲಿ ಚೆನ್ನಮ್ಮ ಬಂದಳು. ‘ಯಾಕ್ ಸಾಮಿ ಈಚೆ ನಿಂತವ್ರೆ? ಅಮ್ಮೋರು ತೆಗೀಲಿಲ್ವಾ? ಇಕಳ್ಳಿ, ದೇವರ ಹೂವು. ಒಳಗೋಗುವಾಗ ಕೊಟ್‌ಬುಡಿ.’ ಎಲೆಯ ಪೊಟ್ಟಣ ದೊಡ್ಡಪ್ಪನ ಕೈಗೆ ಬಂತು.

ಅವಳ ಹಿಂದೆಯೇ ಎದುರುಮನೆಯ ಸೊಸೆ, ಅವಸರದಲ್ಲಿ. ‘ಸುಬ್ಬಮ್ಮನೋರೇ, ನಾವು ಶೇಷಾದ್ರಿಪುರಂಗೆ ಹೋಗ್ತಿದೀವಿ. ನಮ್ಮತ್ತೆ ದೇವಸ್ಥಾನದಿಂದ ಬಂದ್ರೆ ಬೀಗದ ಕೈ ಕೊಟ್ಬಿಡಿ. ಮಾತ್ರೆ ಗೂಡಲ್ಲಿದೆ ಅಂತ ಹೇಳ್ಬೇಕು, ಮರೀಬೇಡಿ.’ ಬೀಗದ ಕೈಯೂ ದೊಡ್ಡಪ್ಪನಿಗೆ.

‘ಬಿಳೀ ಮಾತ್ರೆನೋ, ಕೆಂಪಿದ್ದೋ?’ ಅತ್ತೆ ಕೂಗಿದಳು.

‘ಕೆಂಪು!’

‘ಅಣ್ಣಯ್ಯ, ಕೆಂಪು. ನೆನಪಿಟ್ಕೋ.’

ಆಮೇಲೆ ಮೂಲೆ ಮನೆಯ ಪುಟ್ಟ ಹುಡುಗಿ ಹೆಪ್ಪಿಗೆ ಒಂದು ಚಮಚ ಮೊಸರು ಬೇಕು ಅಂತ ಬಟ್ಟಲು ಹಿಡಿದು ಬಂತು. ಗೇಟು ತೆರೆಯದ್ದು ನೋಡಿ, ಬಟ್ಟಲನ್ನು ದೊಡ್ಡಪ್ಪನಿಗೆ ಕೊಟ್ಟು, ಪಕ್ಕದಲ್ಲೇ ನಿಂತು ಕೇಳಿತು: ‘ತಾತಾ, ನಿಮಗೆ ಹನ್ನೆರಡರ ಮಗ್ಗಿ ಬರಲ್ವಾ?’

ಕಿಟಕಿಯ ಹಿಂದೆ ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನನಗೆ ಮಾತ್ರ ನಗು ಬರಲಿಲ್ಲ. ನಾನು ಬಿಸಿಲನ್ನೇ ನೋಡುತ್ತಿದ್ದೆ. ಅದು ಮೆಟ್ಟಿಲು ಇಳಿದು ತುಳಸಿಕಟ್ಟೆಯ ಹತ್ತಿರ ಬಂದಿತ್ತು. ಗೇಟು ಇನ್ನೂ ನಾಲ್ಕು ಮಾರು ದೂರ.

ದೊಡ್ಡಪ್ಪನ ದನಿ ಇಳಿದಿತ್ತು. ‘ಸುಬ್ಬಿ, ನಮ್ಮನೇಲಿ ನಿನಗೆ ಏನು ಕಮ್ಮಿ ಮಾಡ್ತೀವಿ ಹೇಳು? ಎಲ್ಲರೂ ನಿನ್ನ ನೋಡ್ಕೋತಾರೆ.’

‘ಅದೇ ಅಣ್ಣಯ್ಯ ಕಷ್ಟ. ಅಲ್ಲಿ ಎಲ್ಲರೂ ನನ್ನ ನೋಡ್ಕೋತಾರೆ. ಇಲ್ಲಿ ನಾನು ನೋಡ್ಕೋತೀನಿ.’

ದೊಡ್ಡಪ್ಪ ತಮ್ಮ ಕೈಗಳನ್ನು ನೋಡಿಕೊಂಡರು. ಹೂವಿನ ಪೊಟ್ಟಣ, ಬೀಗದ ಕೈ, ಖಾಲಿ ಬಟ್ಟಲು. ಆಮೇಲೆ ಇಬ್ಬರೂ ಬಿಸಿಲು ಬರುವುದನ್ನು ಕಾದರು. ಯಾವುದೋ ಮನೆಯಿಂದ ರೇಡಿಯೋ ಕೇಳಿಸುತ್ತಿತ್ತು. ಬಿಸಿಲು ತುಳಸಿಕಟ್ಟೆ ಬಿಟ್ಟಿತು, ದಾಸವಾಳದ ಬುಡ ಮುಟ್ಟಿತು, ಗೇಟಿನ ಕಂಬಿಗಳ ಮೇಲೆ ಒಂದೊಂದಾಗಿ ಇಳಿಯಿತು, ದೊಡ್ಡಪ್ಪನ ಬೆನ್ನಿಗೆ ಬಿತ್ತು. ಅತ್ತೆ ಹಿಡಿಗೆ ಕೈ ಹಾಕಲಿಲ್ಲ. ‘ಇನ್ನೊಂಚೂರು’ ಅಂದಳು, ದೋಸೆ ಬೇಯುವುದನ್ನು ಕಾಯುವವರ ಹಾಗೆ. ನಳಿಕೆಯ ತುದಿಯಿಂದ ಒಂದು ತೊಟ್ಟು ಎಣ್ಣೆ ಕೆಳಗೆ ಬಿದ್ದಿತು.

ಆಗ ಎಳೆದಳು.

ಚಿಲಕ ‘ಟಕ್’ ಅಂತು. ರುಬ್ಬುಗುಂಡು ಇಳಿಯಿತು. ಕೆಳಗಿನ ಕೀಲು ಅರ್ಧ ರಾಗ ಎಳೆದು ಗೇಟು ತೆರೆದುಕೊಂಡಿತು.

ದೊಡ್ಡಪ್ಪ ಮೆಟ್ಟಿಲು ಹತ್ತಿ ಬಂದು ಮೂರು ಸಾಮಾನುಗಳನ್ನೂ ಬೆಂಚಿನ ಮೇಲೆ ಸಾಲಾಗಿ ಇಟ್ಟರು. ‘ದಿನಾ ಹೀಗೇನಾ?’

‘ಭಾನುವಾರ ಸ್ವಲ್ಪ ಕಮ್ಮಿ.’

ಅವರು ತಿರುಗಿ ಹೋಗಿ ಕಾರಿನವನಿಗೆ ಏನೋ ಹೇಳಿದರು. ಕಾರು ಅವರನ್ನು ಬಿಟ್ಟು ಹೊರಟಿತು. ಆಮೇಲೇ ನಾವು ಮೂವರೂ ಹೊರಗೆ ಬಂದದ್ದು. ‘ಲೋ ನಾಗೂ, ಇವಳಂತೂ ಬರೋ ಹಾಗಿಲ್ಲ. ನನಗಾದ್ರೂ ಒಂದು ತಟ್ಟೆ ಉಪ್ಪಿಟ್ಟು ಕೊಡ್ಸೋ, ಅರ್ಧ ಗಂಟೆಯಿಂದ ವಾಸನೆ ಕುಡೀತಿದೀನಿ’ ಅಂದರು ದೊಡ್ಡಪ್ಪ. ಎರಡು ತಟ್ಟೆ ತಿಂದರು.

ಮಧ್ಯಾಹ್ನ ಅವರು ಬಸ್ಸು ಹಿಡಿದು ಹೋದ ಮೇಲೆ ನಾನು ಅತ್ತೆಯ ಬೆಂಚಿನ ಪಕ್ಕ ಹೋಗಿ ನೆಲದ ಮೇಲೆ ಕೂತೆ. ಕಣ್ಣು ತುಂಬಿತ್ತು. ‘ತಪ್ಪಾಯ್ತು ಅತ್ತೆ. ತೆಂಗಿನೆಣ್ಣೆ ಹಾಕಿದ್ದೆ.’

‘ಗೊತ್ತು. ಬೆಳಿಗ್ಗೆ ಐದಕ್ಕೇ ಎದ್ದು ಎಳೆದು ನೋಡಿದ್ನಲ್ಲ. ಕಂಬದ ರಾಟೆ ನಿನ್ನ ಜಡೆ ಥರ ಘಮ್ ಅಂತಿತ್ತು. ಆ ರಾಟೆ ಕರಗ್ಸೋಕ್ಕೆ ನಿಮ್ಮಮ್ಮನ ಎರಡು ಲೋಟ ಕಾಫಿ ದಂಡ ಆಯ್ತು.’

‘ಐದಕ್ಕೇ ಗೊತ್ತಿತ್ತಾ? ಮತ್ತೆ ಅಪ್ಪನ್ನ ಎಬ್ಬಿಸ್ಬಾರ್ದಾಗಿತ್ತಾ?’

‘ಎಬ್ಬಿಸಿದ್ರೆ ಅಣ್ಣಯ್ಯ ಹೇಳಿದ್ದೇ ನಿಜ ಆಗ್ತಿತ್ತಲ್ಲೇ. ನನ್ನ ಕೈಲಿ ಒಬ್ಬಳಿಗೇ ಆಗಲ್ಲ ಅಂತ.’ ನನ್ನ ಜಡೆಯನ್ನು ಹಿಡಿದು ಒಮ್ಮೆ ಜಗ್ಗಿದಳು. ‘ಈ ತಿಂಗಳಲ್ಲಿ ಎಂಟೂಕಾಲಿಗೆ ತುಳಸಿಕಟ್ಟೆ, ಎಂಟೂವರೆಗೆ ಗೇಟು. ದಿನಾ ನೋಡ್ತೀನಲ್ಲ. ಹೇಗೂ ಅವನು ಬರೋದು ಎಂಟೂವರೆಗೆ ಅಂತ ಧೈರ್ಯವಾಗಿದ್ದೆ. ಅರ್ಧ ಗಂಟೆ ಮುಂಚೆ ಬಂದು ನನ್ನ ಎದೆ ಒಡೆಸಿದ.’

‘ಮೋಡ ಬಂದಿದ್ರೆ ಅತ್ತೆ?’

ಅತ್ತೆ ಅಂಗಳದ ಕಡೆ ನೋಡಿದಳು. ಬಿಸಿಲು ಆಗಲೇ ಗೇಟು ದಾಟಿ ರಸ್ತೆಗೆ ಇಳಿದಿತ್ತು.

‘ಬಂದಿದ್ರೆ ಹೋಗ್ತಿದ್ದೆ ಕಣೇ, ಇನ್ನೇನ್ ಮಾಡ್ತಿದ್ದೆ? ಅಲ್ಲೂ ಜಗಲಿ ಇದೆ, ಅಲ್ಲೂ ಗೇಟು ಇದೆ. ಆದ್ರೆ ಬಿಸಿಲು ಎಷ್ಟು ಹೊತ್ತಿಗೆ ಎಲ್ಲಿ ಬೀಳತ್ತೆ ಅಂತ ತಿಳ್ಕೊಳ್ಳೋಕ್ಕೆ ಇನ್ನೊಂದು ಮೂವತ್ತು ವರ್ಷ ಎಲ್ಲಿಂದ ತರ್ಲಿ?’